42 ಪಾಯಿಂಟ್ ಹೊಡೆದೂ ಸೋತಿದ್ದು ಹೇಗೆ? ಕಿಂಡಿ ಕಾಯದ ತಂಡದ ಕಥೆ

ಓದುಗರ ಪ್ರಶ್ನೆ: ನನ್ನ ಮಗಳು 2023ರ ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್‌ನ ಯೂನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ (ಯುಎಸ್‌ಸಿ) ಎಂ.ಎಸ್. ಮಾಡಲು ಸೇರಿದಳು. ಅಂದಿನಿಂದ ನಮ್ಮ ಮನೆಗೂ ಅಮೆರಿಕನ್ ಫುಟ್‌ಬಾಲ್ ಹುಚ್ಚು ಹತ್ತಿದೆ. ಆ ವರ್ಷ ನವೆಂಬರ್‌ನಲ್ಲಿ ಅವಳ ಕಾಲೇಜು ತಂಡ ವಾಷಿಂಗ್ಟನ್ ವಿರುದ್ಧ 42 ಪಾಯಿಂಟ್ ಗಳಿಸಿಯೂ ಸೋತಿತು. ಮಾರನೇ ದಿನವೇ ಡಿಫೆನ್ಸ್ ಕೋಚ್ ಕೆಲಸ ಹೋಯಿತು. ಎಲ್ಲ ಅವರದೇ ತಪ್ಪು ಅನ್ನುತ್ತಾಳೆ ಮಗಳು. ನಿಜವೇ? ಆಮೇಲೆ ಸರಿಹೋಯಿತೇ? ನನಗೆ ಆಟದ ನಿಯಮ ಅರ್ಧಂಬರ್ಧ ಮಾತ್ರ ಗೊತ್ತು, ಅದನ್ನು ನೋಡಿಕೊಂಡು ಹೇಳಿ. (ಮೈಸೂರಿನ ಓದುಗರು)

ಉತ್ತರ:

ಮೊದಲು ಒಂದು ಸಮಾಧಾನ. ಇಂಥ ಸೋಲು ನಮಗೆ ಹೊಸದಲ್ಲ. 2024ರ ಏಪ್ರಿಲ್ 15ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಆರ್‌ಸಿಬಿ 262 ರನ್ ಹೊಡೆಯಿತು, ನೆನಪಿದೆಯಾ? ಹೊಡೆದೂ 25 ರನ್‌ಗಳಿಂದ ಸೋತಿತು. ಯಾಕೆಂದರೆ ಮೊದಲು ಬ್ಯಾಟ್ ಮಾಡಿದ ಹೈದರಾಬಾದ್‌ಗೆ 287 ಬಿಟ್ಟುಕೊಟ್ಟಿತ್ತು. ಆ ರಾತ್ರಿ ಬೆಂಗಳೂರಿನವರಿಗೆ ಹೊಟ್ಟೆಯಲ್ಲಿ ಏನಾಗಿತ್ತೋ, 2023ರಲ್ಲಿ ಯುಎಸ್‌ಸಿ ಅಭಿಮಾನಿಗಳಿಗೆ ಬಹುತೇಕ ಪ್ರತಿ ಶನಿವಾರ ಅದೇ ಆಗುತ್ತಿತ್ತು.

ನಾನು ಹುಟ್ಟಿ ಬೆಳೆದಿದ್ದು ಮಂಡ್ಯ ಕಡೆ. ಕಬಡ್ಡಿ ಆಡಿ ಬೆಳೆದವನು. ಈಗ ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲ್ ತಂಡದಲ್ಲಿ ಡಿಫೆನ್ಸ್ ಹುಡುಗರಿಗೆ ಸಹಾಯಕ ಕೋಚ್. ಹಾಗಾಗಿ ಯಾವ ಪಂದ್ಯ ನೋಡಿದರೂ ನನ್ನ ಕಣ್ಣು ಚೆಂಡಿನ ಮೇಲೆ ಇರೋದು ಕಡಿಮೆ. ಅದನ್ನು ತಡೆಯೋಕೆ ನಿಂತವರ ಕಾಲಿನ ಮೇಲೆ ಜಾಸ್ತಿ.

ನಿಯಮ ಎರಡೇ ಮಾತಲ್ಲಿ ಹೇಳಿಬಿಡುತ್ತೇನೆ. ಮೈದಾನ 100 ಯಾರ್ಡ್ ಉದ್ದ. ಚೆಂಡು ಇದ್ದ ತಂಡಕ್ಕೆ 10 ಯಾರ್ಡ್ ಮುಂದೆ ಹೋಗಲು ನಾಲ್ಕು ಅವಕಾಶ. ಅದಕ್ಕೆ ಡೌನ್ ಅನ್ನುತ್ತಾರೆ. 10 ದಾಟಿದರೆ ಮತ್ತೆ ನಾಲ್ಕು ಡೌನ್ ಸಿಗುತ್ತದೆ. ದಾಟದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿದರೆ ಟಚ್‌ಡೌನ್, 6 ಪಾಯಿಂಟ್. ಆಮೇಲೆ ಒಂದು ಕಿಕ್ ಹೊಡೆದರೆ ಇನ್ನೊಂದು. ಅಂದರೆ ಡಿಫೆನ್ಸ್ ತಂಡದ ಕೆಲಸ ಇಷ್ಟೇ: ಮೂರು ಸಲ ತಡೆದು, ನಾಲ್ಕನೇ ಸಲ ಎದುರಾಳಿ ಚೆಂಡನ್ನು ದೂರ ಒದ್ದು ಕಳಿಸುವ ಹಾಗೆ ಮಾಡೋದು. ಕೇಳೋಕೆ ಸುಲಭ, ಅಲ್ವಾ?

ಈಗ 2023ರ ಕಥೆ.

ಯುಎಸ್‌ಸಿ ಬಳಿ ಆಗ ದೇಶದಲ್ಲೇ ಹೆಸರಾದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸೋ ಆಟಗಾರ) ಇದ್ದ, ಕ್ಯಾಲೆಬ್ ವಿಲಿಯಮ್ಸ್. ಹಿಂದಿನ ವರ್ಷ, 2022ರಲ್ಲಿ, ಕಾಲೇಜು ಆಟದ ಅತಿ ದೊಡ್ಡ ಗೌರವವಾದ ಹೈಸ್‌ಮನ್ ಟ್ರೋಫಿ ಗೆದ್ದಿದ್ದ. ಮುಖ್ಯ ಕೋಚ್ ಲಿಂಕನ್ ರೈಲಿ. ಪಾಸಿಂಗ್, ಅಂದರೆ ಚೆಂಡನ್ನು ಮುಂದಕ್ಕೆ ಎಸೆದು ಆಡೋ ಆಟದಲ್ಲಿ ಇವರಷ್ಟು ಚುರುಕು ತಲೆ ಕಾಲೇಜು ಮಟ್ಟದಲ್ಲಿ ಕೆಲವೇ ಕೆಲವು. ಮೊದಲ ಮೂರು ಪಂದ್ಯದಲ್ಲಿ 56, 66, 56 ಪಾಯಿಂಟ್ ಹೊಡೆದರು. ಎಲ್ಲರೂ ಚಾಂಪಿಯನ್‌ಶಿಪ್ ಮಾತಾಡೋಕೆ ಶುರು ಮಾಡಿದರು.

ನಂತರ ನಡೆದಿದ್ದು ನೋಡಿ. ಕೊಲರಾಡೊ ವಿರುದ್ಧ 48-41 ಗೆಲುವು. ದೊಡ್ಡ ಮುನ್ನಡೆ ಇದ್ದ ಪಂದ್ಯ, ಕೊನೆಗೆ ಉಗುರು ಕಚ್ಚಿಕೊಂಡು ಮುಗಿಸಬೇಕಾಯಿತು. ಅರಿಜೋನಾ ವಿರುದ್ಧ 43-41, ಮೂರು ಓವರ್‌ಟೈಮ್ ಆದಮೇಲೆ. ನಾಟ್ರ ಡೇಮ್ ವಿರುದ್ಧ 20-48 ಸೋಲು. ಯೂಟಾ ವಿರುದ್ಧ 32-34 ಸೋಲು. ಕ್ಯಾಲ್ ವಿರುದ್ಧ 50-49 ಗೆಲುವು. ಅದೂ ಕ್ಯಾಲ್ ಕೊನೆಯ ಟಚ್‌ಡೌನ್ ಆದಮೇಲೆ ಒಂದು ಪಾಯಿಂಟ್‌ನ ಕಿಕ್ ಬಿಟ್ಟು ಎರಡು ಪಾಯಿಂಟ್‌ಗೆ ಪ್ರಯತ್ನಿಸಿ ಎಡವಿದ್ದರಿಂದ. ಆಮೇಲೆ ವಾಷಿಂಗ್ಟನ್, 42-52. 13 ಪಂದ್ಯ ಮುಗಿದಾಗ ಬಿಟ್ಟುಕೊಟ್ಟ ಒಟ್ಟು ಪಾಯಿಂಟ್ 447. ಪಂದ್ಯಕ್ಕೆ ಸರಾಸರಿ 34.4.

ಈ ಸಂಖ್ಯೆಯ ಪಕ್ಕ ಇನ್ನೊಂದನ್ನು ಇಡುತ್ತೇನೆ. ಇದೇ ಯುಎಸ್‌ಸಿ, 2008. ಪೀಟ್ ಕ್ಯಾರಲ್ ಕೋಚ್ ಆಗಿದ್ದ ಕಾಲ. ಆ ವರ್ಷ ಪಂದ್ಯಕ್ಕೆ ಬಿಟ್ಟುಕೊಟ್ಟಿದ್ದು ಬರೀ 9. ಅದೇ ಕೆಂಪು ಜರ್ಸಿ, ಅದೇ ಕೊಲಿಸಿಯಮ್ ಮೈದಾನ. ಹದಿನೈದು ವರ್ಷದಲ್ಲಿ ಸುಮಾರು ನಾಲ್ಕು ಪಟ್ಟು. ಕ್ಯಾಂಪಸ್‌ನ ಹಳೆ ವಿದ್ಯಾರ್ಥಿಗಳು ಯಾಕೆ ಅಷ್ಟು ಉರಿದುಬಿದ್ದರು ಅಂತ ಈಗ ಗೊತ್ತಾಯಿತಲ್ಲ.

(ಕೊಲಿಸಿಯಮ್ ಅಂದೆನಲ್ಲ, ಸುಮ್ನೆ ಒಂದು ಮಾತು. 1984ರ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಕಂಚು ಕಳೆದುಕೊಂಡಿದ್ದು ಇದೇ ಮೈದಾನದಲ್ಲಿ. 1932ರ ಒಲಿಂಪಿಕ್ಸ್‌ನಲ್ಲಿ ಭಾರತದ ಹಾಕಿ ತಂಡ ಅಮೆರಿಕವನ್ನು 24-1ರಿಂದ ಬಡಿದದ್ದೂ ಇಲ್ಲೇ. ರೂಪ್ ಸಿಂಗ್ ಒಬ್ಬರೇ ಹತ್ತು ಗೋಲು. ಮಗಳಿಗೆ ಹೇಳಿ, ಆ ಮೈದಾನದಲ್ಲಿ ಇನ್ನೂ ಕೆಟ್ಟ ಡಿಫೆನ್ಸ್ ಆಗಿಹೋಗಿದೆ.)

ಡಿಫೆನ್ಸ್ ಯಾಕೆ ಕುಸಿಯಿತು ಅಂತ ಹೇಳುವ ಮೊದಲು ಒಂದು ಎಚ್ಚರಿಕೆ. ಬಿಟ್ಟ ಪಾಯಿಂಟ್ ಎಲ್ಲವೂ ಡಿಫೆನ್ಸ್‌ನ ಲೆಕ್ಕಕ್ಕೆ ಬರೋದಿಲ್ಲ. ನಾಟ್ರ ಡೇಮ್ ಪಂದ್ಯದ 48 ನೋಡಿ ಎಷ್ಟೋ ಜನ ಡಿಫೆನ್ಸ್ ಕೋಚ್‌ಗೆ ಬೈದರು. ಆದರೆ ಆ ದಿನ ನಾಟ್ರ ಡೇಮ್ ಒಟ್ಟು ಮುನ್ನಡೆದಿದ್ದು ಸುಮಾರು 250 ಯಾರ್ಡ್ ಮಾತ್ರ. ಕಡಿಮೆಯೇ. ವಿಲಿಯಮ್ಸ್ ಮೂರು ಸಲ ಚೆಂಡನ್ನು ಎದುರಾಳಿ ಕೈಗೆ ಎಸೆದ. ಯುಎಸ್‌ಸಿ ಹೊಡೆದ ಒಂದು ಕಿಕ್ ಅನ್ನು ನಾಟ್ರ ಡೇಮ್‌ನವರು ಹಿಡಿದು ನೇರ ಕೊನೆಯ ಗೆರೆವರೆಗೂ ಓಡಿದರು. ಕೈಜಾರಿದ ಒಂದು ಚೆಂಡನ್ನೂ ಹಿಡಿದು ಓಡಿ ಟಚ್‌ಡೌನ್ ಮಾಡಿದರು. ಹಾಗಾಗಿ ಮಗಳು ಆ ಪಂದ್ಯದ ಹೆಸರು ಎತ್ತಿದರೆ ನೀವು ತಕರಾರು ತೆಗೆಯಬಹುದು. ವಾಷಿಂಗ್ಟನ್ ಪಂದ್ಯದ ಹೆಸರು ಎತ್ತಿದರೆ ಸುಮ್ಮನಿರಿ. ಅಲ್ಲಿ ತಕರಾರಿಗೆ ಜಾಗವೇ ಇಲ್ಲ.

ಆ ಪಂದ್ಯವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ನವೆಂಬರ್ 4. ವಾಷಿಂಗ್ಟನ್‌ಗೆ ಆಗ ಹೆಸರು ಇದ್ದದ್ದು ಪಾಸಿಂಗ್‌ಗೆ. ಅವರ ಕ್ವಾರ್ಟರ್‌ಬ್ಯಾಕ್ ಮೈಕಲ್ ಪೆನಿಕ್ಸ್ ದೂರ ಎಸೆಯೋದರಲ್ಲಿ ನಿಸ್ಸೀಮ. ಆ ತಂಡ ಮುಂದೆ ರಾಷ್ಟ್ರೀಯ ಫೈನಲ್‌ವರೆಗೂ ಹೋಯಿತು. ಅಂಥ ತಂಡ ಆ ದಿನ ಏನು ಮಾಡಿತು? ಚೆಂಡನ್ನು ಓಟಗಾರ ಡಿಲನ್ ಜಾನ್ಸನ್ ಕೈಗೆ ಕೊಡುತ್ತಾ ಹೋಯಿತು. ಅವನು 256 ಯಾರ್ಡ್ ಓಡಿದ. ನಾಲ್ಕು ಟಚ್‌ಡೌನ್. ಒಬ್ಬ ಓಟಗಾರ ಪಂದ್ಯದಲ್ಲಿ 100 ಯಾರ್ಡ್ ದಾಟಿದರೆ ಅದೇ ಒಳ್ಳೆಯ ದಿನ ಅನ್ನೋದು ಈ ಆಟದ ಲೆಕ್ಕ.

ಯೋಚನೆ ಮಾಡಿ. ಮನೇಲಿ ಬಿರಿಯಾನಿ ಮಾಡೋ ಭಟ್ಟರು ಇದ್ದಾರೆ, ಆದರೂ ಅನ್ನ-ಸಾರೇ ಸಾಕು ಅಂತ ಬಡಿಸಿದರೆ ಏನರ್ಥ? ಅನ್ನ-ಸಾರಿಗೇ ಅತಿಥಿಗಳು ಚಿತ್ ಆಗುತ್ತಿದ್ದಾರೆ ಅಂತ. ವಾಷಿಂಗ್ಟನ್ ಕೋಚ್‌ಗಳು ಯುಎಸ್‌ಸಿಯ ಹಳೆ ಪಂದ್ಯಗಳ ವಿಡಿಯೊ ನೋಡಿದ್ದರು. ಇವರ ಮುಂದಿನ ಸಾಲಿಗೆ ನೇರ ನುಗ್ಗಿದರೆ ಸಾಕು ಅಂತ ಅವರಿಗೆ ಗೊತ್ತಿತ್ತು.

ಯಾಕೆ ಸಾಕು? ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳಬೇಕು. ಉತ್ತರದ ತಿರುಳು ಇರೋದು ಇಲ್ಲೇ.

ಚೆಂಡು ಇರುವ ತಂಡದ ಮುಂದೆ ಐದು ದಢೂತಿ ಆಳುಗಳು ಸಾಲಾಗಿ ನಿಂತಿರುತ್ತಾರೆ. ಅವರ ನಡುವೆ ಸಂದುಗಳು ಇರುತ್ತವೆ. ನಡುವಿನವನ ಅಕ್ಕಪಕ್ಕದ್ದು ಎ ಗ್ಯಾಪ್, ಅದರಾಚೆ ಬಿ ಗ್ಯಾಪ್, ಅದರಾಚೆ ಸಿ ಗ್ಯಾಪ್. ನಾನು ನನ್ನ ಹುಡುಗರಿಗೆ ಹೇಳುವಾಗ ಗ್ಯಾಪ್ ಅನ್ನುತ್ತೇನೆ, ಮನಸ್ಸಲ್ಲಿ ಬರೋದು ಕಿಂಡಿ ಅನ್ನೋ ಪದ. ಚಿತ್ರದುರ್ಗದ ಓಬವ್ವನ ಕಿಂಡಿ. ಹೈದರಾಲಿಯ ಸೈನಿಕರು ಆ ಕಿಂಡಿಯಲ್ಲಿ ಒಬ್ಬೊಬ್ಬರಾಗಿ ತೂರಿ ಬಂದಾಗ ಓಬವ್ವ ಏನು ಮಾಡಿದಳು? ಒನಕೆ ಹಿಡಿದು ಅಲ್ಲೇ ನಿಂತಳು. ಕೋಟೆಯ ಬೇರೆ ಕಡೆ ಏನಾಗುತ್ತಿದೆ ಅಂತ ನೋಡೋಕೆ ಓಡಲಿಲ್ಲ. ನನ್ನ ಕಿಂಡಿ ಇದು, ಇಲ್ಲಿಂದ ಒಬ್ಬನೂ ಒಳಗೆ ಹೋಗಬಾರದು. ಓಟ ತಡೆಯೋ ಡಿಫೆನ್ಸ್ ಅಂದರೆ ಇದೇ. ಪ್ರತಿ ಕಿಂಡಿಗೂ ಒಬ್ಬ ಓಬವ್ವ ಬೇಕು. ಏಳು ಕಿಂಡಿಗೆ ಆರು ಜನ ನಿಂತರೆ, ಎದುರಾಳಿ ಏಳನೆಯದನ್ನು ಹುಡುಕಿಕೊಂಡೇ ಬರುತ್ತಾನೆ.

ಆಗ ಯುಎಸ್‌ಸಿಯ ಡಿಫೆನ್ಸ್ ನೋಡಿಕೊಳ್ಳುತ್ತಿದ್ದವರು ಅಲೆಕ್ಸ್ ಗ್ರಿಂಚ್. ಅವರ ಪದ್ಧತಿಯಲ್ಲಿ ಮುಂದಿನ ಸಾಲಿನವರು ತಮ್ಮ ಕಿಂಡಿಯಲ್ಲಿ ಬೇರೂರಿ ನಿಲ್ಲೋದಿಲ್ಲ. ಚೆಂಡು ಅಲುಗಿದ ಕ್ಷಣವೇ ಪಕ್ಕಕ್ಕೆ ಒಂದು ಕಿಂಡಿ ಜಿಗಿಯುತ್ತಾರೆ. ಸ್ಲ್ಯಾಂಟ್ ಅಂತಾರೆ. ಇದರ ಲಾಭ ಏನು? ಎದುರಾಳಿಗೆ ಗೊಂದಲ. ಮುಂದಿನ ಸಾಲಿಗೆ 140 ಕೆ.ಜಿ.ಯ ಆಳು ಬೇಡ, ಸ್ವಲ್ಪ ಹಗುರ ಇದ್ದರೂ ಚುರುಕು ಇದ್ದರೆ ಸಾಕು. ಒಮ್ಮೊಮ್ಮೆ ಓಟಗಾರನನ್ನು ಹಿಂದೆಯೇ ಕೆಡವಬಹುದು. ಚೆಂಡು ಕಸಿಯಬಹುದು.

ನಷ್ಟ ಏನು? ಮುಂದಿನವನು ಜಿಗಿದು ಬಿಟ್ಟುಹೋದ ಕಿಂಡಿಗೆ ಹಿಂದಿನ ಲೈನ್‌ಬ್ಯಾಕರ್ ಬರಲೇಬೇಕು. ಅವನು ಅರ್ಧ ಹೆಜ್ಜೆ ತಡ ಮಾಡಿದರೆ ಬಾಗಿಲು ತೆರೆದಂತೆ. ಅವನ ಹಿಂದೆ ಇರೋದು ಸೇಫ್ಟಿ ಅನ್ನೋ ಕೊನೆಯ ಕಾವಲುಗಾರ ಒಬ್ಬನೇ. ಅವನು ಹಿಡಿಯದಿದ್ದರೆ 3 ಯಾರ್ಡ್‌ನ ಓಟ 30 ಆಗುತ್ತದೆ. ನಿಂತು ಆಡುವ ಡಿಫೆನ್ಸ್‌ನಲ್ಲಿ ತಪ್ಪಿಗೆ ದಂಡ ಐದಾರು ಯಾರ್ಡ್. ಜಿಗಿದು ಆಡುವ ಡಿಫೆನ್ಸ್‌ನಲ್ಲಿ ಪಾಯಿಂಟ್ ಬೋರ್ಡೇ ಬದಲಾಗುತ್ತದೆ.

ಗ್ರಿಂಚ್ ಬಗ್ಗೆ ಅನ್ಯಾಯ ಮಾಡಬಾರದು. ಈ ಪದ್ಧತಿ ಗೆದ್ದೂ ಇತ್ತು. 2015ರಿಂದ 2017ರವರೆಗೆ ವಾಷಿಂಗ್ಟನ್ ಸ್ಟೇಟ್‌ನಲ್ಲಿ ಅವರು ಸೊರಗಿದ್ದ ಡಿಫೆನ್ಸ್ ಅನ್ನು ಇದೇ ದಾರಿಯಲ್ಲಿ ಎತ್ತಿ ನಿಲ್ಲಿಸಿದರು. ವರ್ಷಕ್ಕೆ 24 ಸಲ ಚೆಂಡು ಕಸಿಯಬೇಕು ಅನ್ನೋದು ಅಲ್ಲಿ ಅವರು ಹುಡುಗರ ಮುಂದಿಟ್ಟ ಗುರಿ. 12 ಪಂದ್ಯ, ಪಂದ್ಯಕ್ಕೆ ಎರಡು. ದೊಡ್ಡ ಆಳುಗಳು ಸಿಗದ ಊರಲ್ಲಿ ಚುರುಕು ಹುಡುಗರಿಂದ ಕೆಲಸ ತೆಗೆಯೋದು ಜಾಣತನವೇ.

2022ರಲ್ಲಿ ಯುಎಸ್‌ಸಿಯಲ್ಲೂ ಅದು ಫಲಿಸಿತು ಅಂತಲೇ ಎಲ್ಲರೂ ಅಂದುಕೊಂಡರು. ಚೆಂಡು ಕಸಿಯುವುದರಲ್ಲಿ ಆ ವರ್ಷ ತಂಡ ದೇಶದಲ್ಲೇ ಮುಂಚೂಣಿಯಲ್ಲಿತ್ತು. ಟುಲಿ ಟುಯಿಪುಲೊಟು ಅನ್ನೋ ಹುಡುಗ ಕ್ವಾರ್ಟರ್‌ಬ್ಯಾಕ್‌ಗಳನ್ನು 13.5 ಸಲ (ಇಬ್ಬರು ಸೇರಿ ಕೆಡವಿದರೆ ಅರ್ಧ ಲೆಕ್ಕ) ಕೆಡವಿದ, ಇಡೀ ದೇಶದಲ್ಲಿ ಅತಿ ಹೆಚ್ಚು. ತಂಡ 11 ಪಂದ್ಯ ಗೆದ್ದಿತು. ಆದರೆ ಚೆಂಡು ಕಸಿಯೋದು ಮಳೆ ನಂಬಿ ಬೇಸಾಯ ಮಾಡಿದ ಹಾಗೆ. ನೆಲಕ್ಕೆ ಬಿದ್ದ ಚೆಂಡು ಗುಂಡಗಿಲ್ಲ, ಮೊಟ್ಟೆ ಆಕಾರ. ಯಾವ ಕಡೆ ಪುಟಿಯುತ್ತೆ ಯಾರಿಗೂ ಗೊತ್ತಿಲ್ಲ. ಒಂದು ವರ್ಷ ನಿಮ್ಮ ಕೈಗೆ, ಇನ್ನೊಂದು ವರ್ಷ ಅವರ ಕೈಗೆ. 2023ರಲ್ಲಿ ಟುಲಿ ಲಾಸ್ ಏಂಜಲಿಸ್ ಚಾರ್ಜರ್ಸ್ ತಂಡ ಸೇರಿ ವೃತ್ತಿಪರ ಆಟಕ್ಕೆ ಹೋದ. ಮಳೆಯೂ ಕೈಕೊಟ್ಟಿತು. ಬಾವಿ ಮೊದಲೇ ತೋಡಿರಲಿಲ್ಲ.

ನಿಜ ಹೇಳಬೇಕೆಂದರೆ ಬಾವಿ ಒಣಗಿರೋದು 2022ರ ಸೀಸನ್ ಕೊನೆಯ ಪಂದ್ಯದಲ್ಲೇ ಕಂಡಿತ್ತು. 2023ರ ಜನವರಿ 2, ಕಾಟನ್ ಬೌಲ್. ಎದುರಾಳಿ ನ್ಯೂ ಆರ್ಲಿಯನ್ಸ್‌ನ ಟುಲೇನ್. ಯುಎಸ್‌ಸಿ ಮುಂದೆ ಚಿಕ್ಕ ತಂಡ. ಐದು ನಿಮಿಷಕ್ಕೂ ಕಡಿಮೆ ಉಳಿದಾಗ ಯುಎಸ್‌ಸಿ 45-30 ಮುಂದಿತ್ತು. ಜನ ಕಾರ್ ಪಾರ್ಕಿಂಗ್ ಕಡೆ ಹೊರಡೋ ಹೊತ್ತು. ಅಲ್ಲಿಂದ 45-46ಕ್ಕೆ ಸೋತರು. ಕೊನೆಯ ಟಚ್‌ಡೌನ್ ಬಂದಾಗ ಉಳಿದಿದ್ದು 9 ಸೆಕೆಂಡ್. ಟುಲೇನ್‌ನ ಓಟಗಾರ ಟೈಜೆ ಸ್ಪಿಯರ್ಸ್ ಬರೀ 17 ಸಲ ಚೆಂಡು ಹಿಡಿದು 205 ಯಾರ್ಡ್ ಓಡಿದ್ದ. ಸರಾಸರಿ 12 ಯಾರ್ಡ್. ಪ್ರತಿ ಸಲ ಚೆಂಡು ಕೊಟ್ಟಾಗಲೂ ಹೊಸ ನಾಲ್ಕು ಡೌನ್ ಅಂದ ಹಾಗೆ ಆಯಿತಲ್ಲ! ಆವತ್ತೇ ಡಿಫೆನ್ಸ್ ಬದಲಿಸಬೇಕಿತ್ತು ಅನ್ನೋರು ತುಂಬಾ ಜನ. ನಾನೂ ಅವರಲ್ಲಿ ಒಬ್ಬ. ರೈಲಿ ಬದಲಿಸಲಿಲ್ಲ.

ಇಲ್ಲಿಗೆ ನಿಮ್ಮ ಮಗಳ ವಾದಕ್ಕೆ ಬರುತ್ತೇನೆ. ಎಲ್ಲ ಗ್ರಿಂಚ್ ತಪ್ಪೇ? ನನ್ನ ಉತ್ತರ: ಇಲ್ಲ, ದೊಡ್ಡ ಪಾಲು ಮುಖ್ಯ ಕೋಚ್‌ದು.

ಯಾಕೆಂದರೆ ರೈಲಿ ಎಲ್ಲಿ ಹೋದರೂ ಈ ಕಥೆ ಹಿಂದೆಯೇ ಹೋಗಿದೆ. ಯುಎಸ್‌ಸಿಗೆ ಬರುವ ಮೊದಲು ಅವರು ಓಕ್ಲಹೋಮಾದಲ್ಲಿದ್ದರು. 2018ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ ಅವರ ತಂಡ ಜಾರ್ಜಿಯಾ ವಿರುದ್ಧ 48 ಪಾಯಿಂಟ್ ಗಳಿಸಿ ಸೋತಿತು, 48-54. ಅದೇ ವರ್ಷ ಅಕ್ಟೋಬರ್‌ನಲ್ಲಿ ಟೆಕ್ಸಾಸ್ ವಿರುದ್ಧ 45-48. ಎರಡೇ ದಿನದಲ್ಲಿ ಅಲ್ಲಿನ ಡಿಫೆನ್ಸ್ ಕೋಚ್ ಮೈಕ್ ಸ್ಟೂಪ್ಸ್ ಕೆಲಸ ಹೋಯಿತು. ಈ ಸಾಲು ಎಲ್ಲೋ ಕೇಳಿದ ಹಾಗಿದೆ, ಅಲ್ವಾ? ಸ್ಟೂಪ್ಸ್ ಜಾಗಕ್ಕೆ 2019ರಲ್ಲಿ ತಂದಿದ್ದು ಇದೇ ಗ್ರಿಂಚ್ ಅವರನ್ನು. ಆ ಸೀಸನ್ ಕೊನೆಗೆ ಎಲ್‌ಎಸ್‌ಯು ವಿರುದ್ಧ 28-63. ಎಲ್‌ಎಸ್‌ಯು ಕ್ವಾರ್ಟರ್‌ಬ್ಯಾಕ್ ಜೋ ಬರೋ ಮೊದಲ ಅರ್ಧದಲ್ಲೇ ಏಳು ಟಚ್‌ಡೌನ್ ಪಾಸ್ ಎಸೆದ. ಊರು ಬದಲಾಯಿತು, ಡಿಫೆನ್ಸ್ ಕೋಚ್ ಬದಲಾದರು, ಕ್ವಾರ್ಟರ್‌ಬ್ಯಾಕ್‌ಗಳು ಬದಲಾದರು. ಬದಲಾಗದೆ ಉಳಿದವರು ಒಬ್ಬರೇ.

ರೈಲಿ ಡಿಫೆನ್ಸ್ ಬೇಡ ಅಂತ ಹೇಳಿದವರಲ್ಲ. ಯಾರೂ ಹಾಗೆ ಹೇಳೋದಿಲ್ಲ. ಸಮಸ್ಯೆ ಇರೋದು ದಿನದ ಲೆಕ್ಕದಲ್ಲಿ. ಕಾಲೇಜು ಆಟಗಾರರಿಗೆ ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ತಂಡದ ಕೆಲಸ ಕೊಡುವಂತಿಲ್ಲ. ಅದು ನಿಯಮ. ಅಭ್ಯಾಸ, ಮೀಟಿಂಗ್, ವಿಡಿಯೊ, ಜಿಮ್ ಎಲ್ಲ ಅದರೊಳಗೇ. ಆ 20ರಲ್ಲಿ ಯಾವುದಕ್ಕೆ ಎಷ್ಟು ಅನ್ನೋದು ಮುಖ್ಯ ಕೋಚ್ ತೀರ್ಮಾನ. ಹೊಸ ಆಟಗಾರರನ್ನು ಕರೆತರುವಾಗ ಮೊದಲ ಫೋನ್ ಯಾರಿಗೆ, ವೇಗದ ಕ್ಯಾಚರ್‌ಗೋ ದಪ್ಪ ಡಿಫೆನ್ಸ್ ಆಳಿಗೋ ಅನ್ನೋದೂ ಅವರದೇ ತೀರ್ಮಾನ.

ಇನ್ನೊಂದು ಇದೆ, ಇದು ಕಣ್ಣಿಗೆ ಕಾಣೋದು ಕಡಿಮೆ. ಡಿಫೆನ್ಸ್ ಹುಡುಗರು ವಾರವಿಡೀ ಅಭ್ಯಾಸ ಮಾಡೋದು ಯಾರ ಎದುರು? ತಮ್ಮದೇ ತಂಡದ ಆಫೆನ್ಸ್, ಅಂದರೆ ಚೆಂಡು ಹಿಡಿದು ಮುನ್ನುಗ್ಗೋ ಹುಡುಗರ ಎದುರು. ಅದು ಎಸೆಯೋ ಆಫೆನ್ಸ್, ಬಯಲಾಗಿ ಹರಡಿಕೊಂಡು ಆಡೋ ಆಫೆನ್ಸ್. ಮೈಮೇಲೆ ಬಿದ್ದು ತಳ್ಳಿಕೊಂಡು ಬರೋ ಆಟ ಇವರಿಗೆ ದಿನಾ ಸಿಗೋದೇ ಇಲ್ಲ. ಚೆಪಾಕ್‌ನ ತಿರುಗೋ ಪಿಚ್‌ನಲ್ಲಿ ವರ್ಷವಿಡೀ ನೆಟ್ ಮಾಡಿ ನೇರ ಪರ್ತ್‌ಗೆ ಇಳಿದ ಹಾಗೆ. ಯೂಟಾ ಥರದ ತಂಡ ಎದುರಾದಾಗ ಮೊದಲ ಡಿಕ್ಕಿಗೇ ತಲೆ ತಿರುಗುತ್ತದೆ.

ಯೂಟಾ ಅಂದಾಗ ಆ ಪಂದ್ಯದ ಕೊನೆ ಹೇಳದೆ ಇರಲಾರೆ. ಯುಎಸ್‌ಸಿ ಒಂದು ಪಾಯಿಂಟ್ ಮುಂದೆ, 32-31. ಎರಡು ನಿಮಿಷವೂ ಉಳಿದಿಲ್ಲ. ಯೂಟಾದ ಮೊದಲ ಆಯ್ಕೆಯ ಕ್ವಾರ್ಟರ್‌ಬ್ಯಾಕ್ ಗಾಯದಿಂದ ಆ ವರ್ಷ ಆಡಲೇ ಇಲ್ಲ. ಬದಲಿಗೆ ಬ್ರೈಸನ್ ಬಾರ್ನ್ಸ್, ಹಂದಿ ಸಾಕೋ ಮನೆತನದ ಹಳ್ಳಿ ಹುಡುಗ. ಅವನು ಪಾಸ್ ಎಸೆಯೋಕೆ ಹಿಂದೆ ಸರಿಯುತ್ತಾನೆ. ಯುಎಸ್‌ಸಿಯವರು ಎಸೆತ ತಡೆಯೋ ಗುಂಗಲ್ಲೇ ಇದ್ದಾರೆ. ಎದುರಿಗೆ ಜಾಗ ಕಂಡಿತು. ಚೆಂಡು ಕಂಕುಳಲ್ಲಿ ಇಟ್ಟುಕೊಂಡು ಓಡಿದ. 26 ಯಾರ್ಡ್. ಅಲ್ಲಿಂದ 38 ಯಾರ್ಡ್ ಕಿಕ್, ಅದಕ್ಕೆ 3 ಪಾಯಿಂಟ್, ಗಡಿಯಾರ ಸೊನ್ನೆ, ಯೂಟಾ 34-32. ಅದೇ ಪಂದ್ಯದಲ್ಲಿ ಯೂಟಾ ಪರ 149 ಯಾರ್ಡ್ ಕ್ಯಾಚ್ ಹಿಡಿದು ಎರಡು ಟಚ್‌ಡೌನ್ ಮಾಡಿದ ಸಿಯೋನಿ ವಾಕಿ ಯಾರು ಗೊತ್ತಾ? ಅವರ ಡಿಫೆನ್ಸ್ ಆಟಗಾರ! ಆಳು ಸಾಲದೆ ಅವನನ್ನು ಆಫೆನ್ಸ್‌ಗೂ ಇಳಿಸಿದ್ದರು. ಎದುರಾಳಿಯ ಕಾವಲುಗಾರನೇ ಬಂದು ನಿಮ್ಮ ಕೋಟೆ ಲೂಟಿ ಮಾಡಿದರೆ ಯಾರಿಗೆ ಹೇಳೋಣ.

ಟ್ಯಾಕಲ್ ಬಗ್ಗೆಯೂ ಒಂದೆರಡು ಮಾತು, ಇದು ನನ್ನ ಕಸುಬು. ಪದ್ಧತಿ ಏನೇ ಇರಲಿ, ಕೊನೆಗೆ ಒಬ್ಬ ಇನ್ನೊಬ್ಬನನ್ನು ಹಿಡಿದು ಕೆಡವಬೇಕು. 2023ರಲ್ಲಿ ಯುಎಸ್‌ಸಿ ಹುಡುಗರು ತುಂಬಾ ಸಲ ಓಟಗಾರನ ಬಳಿಗೆ ಸರಿಯಾಗಿ ತಲುಪಿದ್ದರು. ತಲುಪಿ ಏನು ಮಾಡಿದರು? ಭುಜ ಕೊಟ್ಟು ಗುದ್ದಿದರು, ಕೈ ಸುತ್ತಲಿಲ್ಲ. ಅಥವಾ ಓಡಿಬಂದ ವೇಗದಲ್ಲೇ ಹಾರಿದರು, ಅವನು ಒಂದು ಹೆಜ್ಜೆ ಒಳಗೆ ಹಾಕಿದ, ಇವರು ಹುಲ್ಲು ತಬ್ಬಿಕೊಂಡರು. ಕಬಡ್ಡಿ ಆಡಿದ ಯಾರಿಗಾದರೂ ಇದು ಕಂಡರೆ ಮೈ ಪರಚಿಕೊಳ್ಳೋ ಹಾಗಾಗುತ್ತದೆ. ರೇಡರ್ ಬಂದಾಗ ಎದೆಗೆ ಗುದ್ದೋಕೆ ಹೋಗ್ತೀವಾ? ಸೊಂಟ ಬಗ್ಗಿಸಿ, ಕಾಲು ನೆಲಕ್ಕೆ ಕೊಟ್ಟು, ತೊಡೆ ಹಿಡಿದು ಬಿಡದೆ ಕೂರ್ತೀವಿ. ಉಳಿದ ಆರು ಜನ ಬರೋವರೆಗೆ.

ನನ್ನ ಹೈಸ್ಕೂಲ್ ಹುಡುಗರಿಗೆ ನಾನು ಉರುಳೋ ದೊಡ್ಡ ಫೋಮ್ ಚಕ್ರ ಕೊಟ್ಟು ಇದನ್ನೇ ಮಾಡಿಸುತ್ತೇನೆ. ಚಕ್ರ ಉರುಳಿ ಹೋಗುತ್ತಿರುತ್ತದೆ. ಹುಡುಗ ಓಡಿಬಂದು, ಕೊನೆಯ ಎರಡು ಹೆಜ್ಜೆ ಚಿಕ್ಕದು ಮಾಡಿ, ಭುಜ ಒತ್ತಿ, ಕೈ ಸುತ್ತಿ, ಅದರ ಜೊತೆ ಉರುಳಬೇಕು. ಶುರುವಿನಲ್ಲಿ ಹತ್ತರಲ್ಲಿ ನಾಲ್ಕು ಸಲ ಚಕ್ರ ತಪ್ಪಿಸಿಕೊಂಡು ಹೋಗುತ್ತದೆ. ಎಲ್ಲ ಸಲವೂ ಕಾರಣ ಒಂದೇ, ಆ ಕೊನೆಯ ಎರಡು ಹೆಜ್ಜೆ. ತಮಾಷೆ ಅಂದರೆ ಭುಜದ ಈ ಟ್ಯಾಕಲ್ ಅನ್ನು ಅಮೆರಿಕದ ಶಾಲೆಶಾಲೆಗೂ ಹಬ್ಬಿಸಿದವರಲ್ಲಿ ಮುಖ್ಯರು ಪೀಟ್ ಕ್ಯಾರಲ್. ಹೌದು, ಪಂದ್ಯಕ್ಕೆ 9 ಪಾಯಿಂಟ್ ಬಿಟ್ಟ ಆ ಯುಎಸ್‌ಸಿ ಕೋಚ್‌ ಅವರೇ. ಸಿಯಾಟಲ್‌ನ ವೃತ್ತಿಪರ ತಂಡಕ್ಕೆ ಹೋದಮೇಲೆ ಅವರು ಅದನ್ನು ಹೇಳಿಕೊಟ್ಟರು.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಆಮೇಲೆ ಸರಿಹೋಯಿತಾ?

ಗ್ರಿಂಚ್ ಹೋದ ತಕ್ಷಣ ಏನೂ ಆಗಲಿಲ್ಲ. ಮುಂದಿನ ಪಂದ್ಯದಲ್ಲಿ ಓರೆಗಾನ್‌ಗೆ 36, ಅದರ ಮುಂದೆ ಊರಿನ ದಾಯಾದಿ ಯುಸಿಎಲ್‌ಎಗೆ 38 ಪಾಯಿಂಟ್. ನಡು ಸೀಸನ್‌ನಲ್ಲಿ ಕೋಚ್ ಬದಲಿಸಿದರೆ ಅಭಿಮಾನಿಗಳ ಸಿಟ್ಟು ಇಳಿಯುತ್ತದೆ, ಮುಂದಿನ ಸಾಲಿನ ತೂಕ ಏರೋದಿಲ್ಲ.

ಆದರೆ ಆಮೇಲೆ ರೈಲಿ ಮಾಡಿದ ನೇಮಕ ನನಗೆ ಹಿಡಿಸಿತು. ತಮ್ಮನ್ನು 38-20ರಿಂದ ಸೋಲಿಸಿದ ಯುಸಿಎಲ್‌ಎಯ ಡಿಫೆನ್ಸ್ ಕೋಚ್ ಡಿ'ಆಂಟನ್ ಲಿನ್ ಅವರನ್ನೇ ಎತ್ತಿಕೊಂಡು ಬಂದರು. ಎದುರುಮನೆಯ ಅಡುಗೆಭಟ್ಟರನ್ನು ಕರೆದುಕೊಂಡು ಬಂದ ಹಾಗೆ. ಲೈನ್‌ಬ್ಯಾಕರ್‌ಗಳಿಗೆ ನಾರ್ತ್ ಡಕೋಟಾ ಸ್ಟೇಟ್‌ನ ಮುಖ್ಯ ಕೋಚ್ ಮ್ಯಾಟ್ ಎಂಟ್ಸ್ ಬಂದರು. ಕೆಳಗಿನ ಹಂತದಲ್ಲಿ ಎರಡು ಸಲ ರಾಷ್ಟ್ರೀಯ ಚಾಂಪಿಯನ್ ಆದವರು, ಸಹಾಯಕ ಹುದ್ದೆಗೆ ಇಳಿದು ಬಂದರು. ಜಿಗಿತ ಕಡಿಮೆ ಆಯಿತು. ಹುಡುಗರು ಮೈ ತೂಕ ಏರಿಸಿಕೊಂಡರು. ತಮ್ಮ ತಮ್ಮ ಕಿಂಡಿಯಲ್ಲಿ ನಿಲ್ಲೋಕೆ ಶುರು ಮಾಡಿದರು.

2024ರಲ್ಲಿ ಫಲ ಕಂಡಿತು. ಮೊದಲ ಪಂದ್ಯದಲ್ಲೇ ಎಲ್‌ಎಸ್‌ಯು ತಂಡವನ್ನು 20ಕ್ಕೆ ಕಟ್ಟಿಹಾಕಿ ಗೆದ್ದರು. ಮುಂದಿನದರಲ್ಲಿ ಯೂಟಾ ಸ್ಟೇಟ್‌ಗೆ ಸೊನ್ನೆ. 2011ರ ನಂತರ ಯುಎಸ್‌ಸಿ ಎದುರಾಳಿಗೆ ಒಂದೂ ಪಾಯಿಂಟ್ ಕೊಡದೆ ಗೆದ್ದಿದ್ದು ಅದೇ ಮೊದಲು. ವರ್ಷದ ಕೊನೆಗೆ ಸರಾಸರಿ 24.1. ಒಂದೇ ವರ್ಷದಲ್ಲಿ ಪಂದ್ಯಕ್ಕೆ ಹತ್ತು ಪಾಯಿಂಟ್ ಇಳಿಕೆ. ಅದೂ ಬಿಗ್ ಟೆನ್ ಅನ್ನೋ ಹೆಚ್ಚು ಒರಟು ಗುಂಪಿಗೆ ಸೇರಿದ ವರ್ಷ. ಅದರಲ್ಲೂ ನಾಟ್ರ ಡೇಮ್‌ಗೆ ಹೋದ 49ರಲ್ಲಿ ಎರಡು ಟಚ್‌ಡೌನ್ ಯುಎಸ್‌ಸಿಯ ಪಾಸ್ ಕಸಿದು ಮೈದಾನದ ಉದ್ದಕ್ಕೂ ಓಡಿ ಮಾಡಿದ್ದು. ಅದು ಡಿಫೆನ್ಸ್ ಪಾಪ ಅಲ್ಲ.

ಹಾಗಾದರೆ ಜಾಸ್ತಿ ಗೆದ್ದರಾ? ಇಲ್ಲ! 2023ರಲ್ಲಿ 8 ಗೆಲುವು, 5 ಸೋಲು. 2024ರಲ್ಲಿ 7 ಗೆಲುವು, 6 ಸೋಲು. ಕ್ಯಾಲೆಬ್ ವಿಲಿಯಮ್ಸ್ ಶಿಕಾಗೊ ಬೇರ್ಸ್ ಅನ್ನೋ ವೃತ್ತಿಪರ ತಂಡಕ್ಕೆ ಹೋಗಿದ್ದ. ಮೊದಲೆಲ್ಲ ಆಫೆನ್ಸ್ ಮುಚ್ಚುತ್ತಿದ್ದ ತೂತು ಈಗ ಡಿಫೆನ್ಸ್ ಮುಚ್ಚಬೇಕಾಯಿತು. ಮೊದಲ ಐದು ಸೋಲಿನಲ್ಲಿ ಒಂದರಲ್ಲೂ ಅಂತರ ಏಳು ದಾಟಲಿಲ್ಲ. ಮಿಷಿಗನ್ ವಿರುದ್ಧ 3, ಮಿನೆಸೋಟ ವಿರುದ್ಧ 7, ಪೆನ್ ಸ್ಟೇಟ್ ವಿರುದ್ಧ ಓವರ್‌ಟೈಮ್‌ನಲ್ಲಿ 3, ಮೇರಿಲ್ಯಾಂಡ್ ವಿರುದ್ಧ 1, ವಾಷಿಂಗ್ಟನ್ ವಿರುದ್ಧ 5. ಕೊನೆಯ ಹತ್ತು ನಿಮಿಷ ಕಿಂಡಿ ಕಾದಿದ್ದರೆ ಇವುಗಳಲ್ಲಿ ಮೂರಾದರೂ ಗೆಲುವೇ.

ಮಗಳಿಗೆ ಮಿಷಿಗನ್ ಪಂದ್ಯದ ಕೊನೆಯ ಡ್ರೈವ್, ಅಂದರೆ ಮಿಷಿಗನ್‌ನ ಕೊನೆಯ ದಾಳಿ, ಹಾಕಿ ತೋರಿಸೋಕೆ ಹೇಳಿ. ಯುಎಸ್‌ಸಿ 24-20 ಮುಂದಿದೆ. ಮಿಷಿಗನ್ ಇಡೀ ಪಂದ್ಯದಲ್ಲಿ ಪಾಸ್‌ನಿಂದ ಗಳಿಸಿದ್ದು 32 ಯಾರ್ಡ್ ಮಾತ್ರ. ಅವರು ಓಡುತ್ತಾರೆ ಅಂತ ಮೈದಾನದಲ್ಲಿ ಪಾಪ್‌ಕಾರ್ನ್ ಮಾರೋನಿಗೂ ಗೊತ್ತು. ಆದರೂ ಕಲೆಲ್ ಮಲಿಂಗ್ಸ್ ನಡುವೆ ತೂರಿ 63 ಯಾರ್ಡ್ ಓಡುತ್ತಾನೆ. ಕೊನೆಗೆ ನಾಲ್ಕನೇ ಡೌನ್‌ನಲ್ಲಿ, 37 ಸೆಕೆಂಡ್ ಉಳಿದಿರುವಾಗ, ಅವನೇ ಗೆರೆ ದಾಟುತ್ತಾನೆ. ಆ 63 ಯಾರ್ಡ್‌ನ ಓಟವನ್ನು ಎರಡು ಸಲ ನೋಡಿ. ಮೊದಲ ಸಲ ಮಾಮೂಲಿ ನೋಡಿ. ಎರಡನೇ ಸಲ ಚೆಂಡನ್ನು ಬಿಟ್ಟುಬಿಡಿ, ಯುಎಸ್‌ಸಿ ಲೈನ್‌ಬ್ಯಾಕರ್‌ಗಳ ಮೊದಲ ಎರಡು ಹೆಜ್ಜೆ ಮಾತ್ರ ನೋಡಿ. ಯಾವ ಕಿಂಡಿ ಖಾಲಿ ಅಂತ ನಿಮಗೇ ಕಾಣುತ್ತದೆ, ಮಲಿಂಗ್ಸ್ ಅಲ್ಲಿಗೆ ತಲುಪೋ ಮೊದಲೇ.